ನಮ್ಮನೆ ಗುರ್ತಿನ ಕಿವಿ

ನಾನು ಚಿಕ್ಕೋನಿದ್ದಾಗ ನಂಗೂ ಎಲ್ಲಾರ್ಗೂ ಇರೋ ಹಂಗೆ ಎರಡು ಕಿವಿ ಪೂರ್ತಿ ಇದ್ವು ಕಣ್ರಪ್ಪ. ಈಗ ಬಲಗಿವಿ ಅಂಚಲ್ಲಿ ಒಂದು ಚೂರು ಇಲ್ಲ, ರೊಟ್ಟಿ ಅಂಚನ್ನ ಇಲಿ ಕಚ್ಕೊಂಡು ಹೋದಂಗೆ. ಅದ್ಯಾಕೆ ತಾತ ಅಂತ ನೀವು ಕೇಳ್ದಾಗೆಲ್ಲ ಒಬ್ಬೊಬ್ರಿಗೆ ಒಂದೊಂದು ರೀಲು ಬುಟ್ಟಿದ್ದೆ. ದೊಡ್ಡೋನಿಗೆ, ರಾಮನಗರದ ಬೆಟ್ಟದ ಕರಡಿ ಜೊತೆ ಕುಸ್ತಿ ಬಿದ್ದೆ ಅಂದಿದ್ದೆ. ನಡುವಿನೋಳಿಗೆ, ಕಟಿಂಗ್ ಶಾಪಿನೋನು ಕೂದ್ಲು ಅಂದ್ಕೊಂಡು ಕತ್ತರಿಸ್ಬುಟ್ಟ ಅಂದಿದ್ದೆ. ಚಿಕ್ಕೋಳಿಗೆ, ಹೇಳಿದ ಮಾತು ಕೇಳ್ದೇ ಇದ್ರೆ ಕಿವಿ ತಂತಾನೇ ಸವೆದೋಯ್ತದೆ ಅಂದಿದ್ದೆ. ಪಾಪ, ಅವಳು ಅವತ್ತಿಂದ ಕರೆಯೋಕೆ ಮುಂಚೇನೇ ಬಂದು ಹೋಮ್‌ವರ್ಕಿಗೆ ಕೂತ್ಕೋತಿದ್ಲು. ಮೊನ್ನೆ ಮೂರೂ ಜನ ಸೇರ್ಕೊಂಡು ನನ್ನ ಕತೆಗಳನ್ನ ತಾಳೆ ನೋಡ್ಬುಟ್ರಿ. ಅದಕ್ಕೇ ಇವತ್ತು ನಿಜ ಹೇಳ್ತೀನಿ. ನಿಜಾನೂ ಕರಡಿ ಕತೆಗಿಂತ ಕಮ್ಮಿ ಏನಿಲ್ಲ, ಯಾಕಂದ್ರೆ ಅದರಲ್ಲೂ ನಾನೇ ಹೀರೋ.

ನಮ್ಮೂರು ಕೈಲಾಂಚದಿಂದ ಒಳಕ್ಕೆ. ಬಸ್ಸಿಳಿದು ದೊಡ್ಡ ಬಂಡೆ ಬಳಸ್ಕೊಂಡು ನಡೀಬೇಕು. ಊರಲ್ಲಿ ಅರ್ಧಕ್ಕೂ ಮೇಲೆ ಹೊಲ ಒಂದೇ ಮನೆಯೋರ್ದು, ಅವರ ಮನೆಗೆ ದೊಡ್ಮನೆ ಅಂತಿದ್ರು. ಅಪ್ಪ ಅವರ ಉಪ್ಪುನೇರಳೆ ತೋಟದಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಕೊಯ್ಯೋನು. ಅವ್ವ ಅದೇ ತೋಟದಲ್ಲಿ ಕಳೆ ಕೀಳೋಳು. ನಾವಿದ್ದ ಮಣ್ಣಿನ ಮನೆ ನಿಂತಿದ್ದೂ ಅವರ ಜಾಗದಲ್ಲೇ. ಮಳೆಗಾಲದಲ್ಲಿ ಗೋಡೆ ಕರಗಿ ಹೊಲಕ್ಕೆ ಇಳಿಯೋದು, ಬೇಸಿಗೇಲಿ ಅಪ್ಪ ಅದೇ ಹೊಲದ ಮಣ್ಣು ತಂದು ಮತ್ತೆ ಮೆತ್ತೋನು. ಆ ಮಣ್ಣಿಗೂ ಕೇಳಿ ತರ್ಬೇಕಿತ್ತು.

ನಂಗೂ ಅಕ್ಕಂಗೂ ಒಂದು ಆಟ ಇತ್ತು. ಕೆರೆಗೆ ನೀರಿಗೆ ಹೋಗಿ ಬರ್ವಾಗ ದಾರೀಲಿ ಸಿಕ್ಕಿದ್ದೆಲ್ಲ ಯಾರ್ದು ಅಂತ ಒಬ್ರು ಕೇಳೋದು, ಇನ್ನೊಬ್ರು ಹೇಳೋದು. ಈ ಹುಣಸೇಮರ ಯಾರ್ದು? ದೊಡ್ಮನೇದು. ಈ ಬೇಲಿ? ದೊಡ್ಮನೇದು. ಈ ಬಂಡೆ? ಸರ್ಕಾರದ್ದು. ಕೊನೆಗೆ ಅಕ್ಕ, ಬಂಡೆ ಮೇಲೆ ಕೂತಿರೋ ಕಾಗೆ ಯಾರ್ದು ಅಂದ್ರೆ ನಾನು ಎದೆ ಉಬ್ಬಿಸ್ಕೊಂಡು ನಂದು ಅಂತಿದ್ದೆ. ಕಾಗೆ ಹಾರೋಗ್ಬುಡೋದು. ಅಕ್ಕ, ನೋಡ್ಲಾ ನಿನ್ನ ಆಸ್ತಿ ಹೊಂಟೋಯ್ತು ಅಂತ ಬಿಂದಿಗೆ ತುಳುಕೋ ಹಂಗೆ ನಗೋಳು.

ಅಂಥಾ ಮನೆಗೆ ಒಂದು ಕುರಿ ಬಂತು. ನಮ್ದಲ್ಲ, ದೊಡ್ಮನೇದೇ. ನಮ್ಮೂರಲ್ಲಿ ಕುರಿ ಇಲ್ದೋರು ಇದ್ದೋರ ಹತ್ರ ಒಂದು ಹೆಣ್ಣುಕುರಿ ಪಾಲಿಗೆ ತಂದು ಸಾಕ್ತಿದ್ರು. ಮೇಯ್ಸೋದು, ಕಾಯೋದು, ಹೊಟ್ಟೆ ಉಬ್ಬರಿಸಿದ್ರೆ ಓಡಾಡ್ಸೋದು ಎಲ್ಲಾ ಸಾಕೋರು. ಕುರಿ ಯಾವತ್ತಿದ್ರೂ ಒಡೆಯರ್ದು. ಮೊದಲ್ನೇ ಸೂಲಿನ ಮರಿ ಅವರಿಗೆ, ಎರಡ್ನೇ ಸೂಲಿನ ಮರಿ ಸಾಕಿದೋರಿಗೆ. ಸಾಕೋರ ಕೈಲಿ ಕುರಿ ಸತ್ರೆ ಕುರಿ ಬದ್ಲು ಕುರಿ ಕಟ್ಕೊಡ್ಬೇಕು. ಎಲ್ಲಾ ಬಾಯಿ ಮಾತು, ಎಲ್ಲಾರ್ಗೂ ಗೊತ್ತಿದ್ದಿದ್ದೇ.

ಮೊದಲ್ನೇ ಮರಿ ಟಗರು, ದೊಡ್ಮನೆಗೆ ಹೋಯ್ತು. ಕುರಿ ಮತ್ತೆ ಗಬ್ಬ ಆಯ್ತು. ಈಗ ಹೊಟ್ಟೇಲಿರೋದು ನಮ್ದು. ಹೊಟ್ಟೇಲಿರೋದಾದ್ರೂ ಸರಿ, ನಮ್ದು ಅಂತ ಜೀವಮಾನದಲ್ಲೇ ಮೊದಲ್ನೇ ಸಲ ಒಂದು ಇತ್ತು ಕಣ್ರಪ್ಪ. ಅಕ್ಕ ದಿನಾ ಆ ಕುರಿ ಹೊಟ್ಟೆಗೆ ಕಿವಿ ಕೊಟ್ಟು ಕೂತ್ಕೊಳೋಳು. ಹೆಣ್ಣುಮರಿ ಆದ್ರೆ ಅದು ಬೆಳೆದು ಮರಿ ಹಾಕ್ತದೆ, ಆ ಮರಿಗಳು ಬೆಳೆದು ಮರಿ ಹಾಕ್ತವೆ, ಅಂತ ಅವ್ವ ರಾಗಿ ಬೀಸ್ತಾ ಬೀಸ್ತಾ ಒಂದು ಮಂದೆ ಕುರೀನೇ ಮನೆ ಒಳಕ್ಕೆ ಹೊಡ್ಕೊಂಡು ಬರೋಳು. ನಾನು ಆ ಮಂದೇಲಿ ಒಂದು ಟಗರು ನಂಗೆ ಸವಾರಿಗೆ ಅಂತ ಮೊದ್ಲೇ ಹೇಳಿಟ್ಟಿದ್ದೆ.

ಅವತ್ತು ಬೆಳಗ್ಗೆ ಕುರಿ ಮೇವು ಮುಟ್ಟಲಿಲ್ಲ. ನೆಲ ಕೆರೀತು, ಮಲಗ್ತು, ಎದ್ತು. ಇವತ್ತು ಮರಿ ಹಾಕ್ತದೆ ಅಂತ ಅಪ್ಪ ಕೂಲಿಗೆ ಹೋಗಲಿಲ್ಲ. ಜಗುಲಿ ಮೇಲೆ ಕೂತ್ಕೊಂಡು, ಗುರ್ತು ಏನ್ ಹಾಕೋದು ಅಂದ.

ಅದುವರ್ಗೂ ನಮಗ್ಯಾರ್ಗೂ ಅದು ತೋಚೇ ಇರ್ಲಿಲ್ಲ. ಊರ ಕುರಿಗಳೆಲ್ಲ ಒಟ್ಟಿಗೆ ಮೇಯ್ತಿದ್ವು. ಸಂಜೆ ಯಾವ್ದು ಯಾರ್ದು ಅಂತ ಕಿವಿ ನೋಡಿ ಬೇರೆ ಮಾಡ್ಬೇಕು. ಅದಕ್ಕೆ ಒಂದೊಂದು ಮನೆಯೋರು ಮರಿ ಕಿವೀಲಿ ಒಂದೊಂದು ಥರ ಕತ್ತರಿಸಿ ಗುರ್ತು ಮಾಡೋರು. ದೊಡ್ಮನೇದು ಎಡಗಿವಿ ತುದಿ ನೇರಕ್ಕೆ ಕತ್ತರಿಸಿರೋದು. ಕೆರೆ ಏರಿ ಮನೆಯೋರ್ದು ಬಲಗಿವಿ ತುದಿ ಸೀಳಿರೋದು. ಕುರಿ ಇದ್ದ ಮನೆಗೆಲ್ಲ ಗುರ್ತು ಇತ್ತು, ನಮ್ಮನೆಗೆ ಇರ್ಲಿಲ್ಲ. ಇರೋಕೆ ಏನಿತ್ತು?

ಅಪ್ಪ ಒಂದು ಕಡ್ಡಿ ತಗೊಂಡು ನೆಲದ ಮೇಲೆ ಕಿವಿ ಬರೆದ. ಅಪ್ಪಂಗೆ ಅಕ್ಷರ ಬತ್ತಿರ್ಲಿಲ್ಲ, ಕಿವಿ ಮಾತ್ರ ಚೆನ್ನಾಗಿ ಬರೆದ. ಬರೆದಿದ್ದೆಲ್ಲ ಯಾರ್ದಾದ್ರೂ ಗುರ್ತೇ ಆಗಿರೋದು. ಅಳಿಸೋನು, ಮತ್ತೆ ಬರೆಯೋನು. ಆಗ ನನ್ನಂಥ ಬುದ್ಧಿವಂತನ ತಲೆ ಓಡ್ತು. ಬಲಗಿವಿ ಕೆಳಗಿನ ಅಂಚಲ್ಲಿ ಅರ್ಧ ಚಂದ್ರ ಇದ್ದಂಗೆ ಒಂದು ಕಚ್ಚು ಇರ್ಲಿ ಅಂದೆ. ಅಪ್ಪ ಊರ ಮನೆಗಳನ್ನೆಲ್ಲ ಮನಸ್ಸಲ್ಲೇ ಸುತ್ತಿ ಬಂದ. ಆ ಗುರ್ತು ಯಾರ್ದೂ ಇರ್ಲಿಲ್ಲ. ನನ್ನ ತಲೆ ಮೇಲೆ ಕೈಯಿಟ್ಟು, ಆಗಲಿ ಅಂದ. ನಮ್ಮನೆಗೆ ಗುರ್ತು ಕೊಟ್ಟೋನು ಯಾರು ಅಂತ ಯಾರಾದ್ರೂ ಕೇಳಿದ್ರೆ ನಿಮ್ಮ ತಾತ ಅಂತ ಹೇಳಿ.

ಗುರ್ತು ನಾನೇ ಹಾಕ್ತೀನಿ ಅಂತ ಅಕ್ಕ ಸೊಪ್ಪು ಕೊಯ್ಯೋ ಕತ್ತಿ ತಗೊಂಡ್ಲು. ಮರಿ ಕಿವಿ ಎಳೇದು, ಕೈ ಜಾರಬಾರ್ದು ಅಂತ ಮೊದ್ಲು ಉಪ್ಪುನೇರಳೆ ಎಲೆ ಮೇಲೆ ಕತ್ತರಿಸಿ ಕತ್ತರಿಸಿ ಕಲಿತ್ಲು. ಎಲೆ ಅಂಚಲ್ಲಿ ಅರ್ಧ ಚಂದ್ರ, ಇನ್ನೊಂದು ಎಲೇಲಿ ಅರ್ಧ ಚಂದ್ರ. ಸೊಪ್ಪಿನ ಹಸಿ ವಾಸ್ನೆ ಜಗುಲಿ ತುಂಬ. ನಾನು ಸುಮ್ನೆ ಇರ್ಬೇಕಲ್ಲ. ಎಲೆ ಒದ್ದಾಡಲ್ಲ ಕಣೇ, ಮರಿ ಒದ್ದಾಡ್ತದೆ, ತಾಕತ್ತಿದ್ರೆ ನನ್ನ ಕಿವಿ ಮೇಲೆ ಹಾಕು, ನಾನು ಕಮಕ್ ಕಿಮಕ್ ಅನ್ನಲ್ಲ ಅಂದೆ. ಅಕ್ಕ ಹಾಕಲ್ಲ ಅಂದ್ಲು. ನಾನು ಪುಕ್ಕಲಿ ಅಂದೆ. ಕುರಿ ಹಂಗೆ ಬ್ಯಾ ಬ್ಯಾ ಅಂತ ಅವಳ ಸುತ್ತ ಕುಣಿದೆ. ಸುಮ್ನೆ ಹೆದರಿಸೋಣ ಅಂತ ಅವಳು ಕಿವಿ ಹಿಡ್ಕೊಂಡು ಕತ್ತಿ ಇಟ್ಲು, ನಾನು ಕುಣಿಯೋದು ನಿಲ್ಲಿಸ್ಲಿಲ್ಲ. ಅಷ್ಟೇ. ಬಿಸಿಬಿಸಿ ರಕ್ತ ಕತ್ತಿಗೆ ಇಳೀತು.

ನಾನು ಅಳಲಿಲ್ಲ. ಇದು ಕರಡಿ ಕತೆ ಥರ ಅಲ್ಲ, ನಿಜವಾಗ್ಲೂ ಅಳಲಿಲ್ಲ. ಅತ್ತಿದ್ದು ಅಕ್ಕ. ಅವ್ವ ಓಡಿಬಂದು ಅರಿಶಿನ ಮೆತ್ತಿ ಇಬ್ರಿಗೂ ಒಂದೊಂದು ಕೊಟ್ಲು, ನಂಗೆ ಒಸಿ ಜಾಸ್ತಿ. ಅಪ್ಪ ಕಿವಿ ಬೆಳಕಿಗೆ ತಿರುಗಿಸಿ ನೋಡಿ, ಗುರ್ತೇನೋ ನೀಟಾಗಿ ಬಂದೈತೆ ಅಂದ. ನೀವು ಯಾರಾದ್ರೂ ಇದನ್ನ ಮಾಡೋಕೆ ಹೋದ್ರೆ ಮಾತ್ರ ನಾನೇ ಬೆತ್ತ ತಗೊಂಡು ಬತ್ತೀನಿ, ಹೇಳಿರ್ತೀನಿ.

ಮಧ್ಯಾಹ್ನ ಕುರಿಗೆ ನೋವು ಜೋರಾಯ್ತು. ಮರಿ ಅಡ್ಡ ನಿಂತಿತ್ತು. ಅಪ್ಪ ಕೈಗೆ ಹರಳೆಣ್ಣೆ ಹಚ್ಕೊಂಡು ಒಳಗೆ ಕೈ ಹಾಕಿ ತಿರುಗಿಸ್ದ. ಕುರಿ ಕತ್ತು ನೀಡ್ಕೊಂಡು ಅಕ್ಕನ ಮಡಿಲಲ್ಲಿ ತಲೆ ಇಟ್ಟಿತ್ತು, ಅದರ ಉಸ್ರು ಅವಳ ಲಂಗದ ಮೇಲೆ ಬಿಸಿಯಾಗಿ ಬಡೀತಿತ್ತು. ಬಿಸಿಲು ಗೋಡೆ ಬುಡದಿಂದ ಬಾಗ್ಲಿಗೆ ಬರೋವರ್ಗೂ ಅಪ್ಪ ಎದ್ದೇಳಲಿಲ್ಲ. ಕೊನೆಗೆ ಮರಿ ಬಂತು. ಹೆಣ್ಣುಮರಿ. ಒದ್ದೆ ಒದ್ದೆ, ಬಿಳೀದು, ಮೂತಿ ಮಾತ್ರ ಕೆಂಚು. ಕಿವಿ ಎಳೇ ಎಲೆ ಹಂಗೆ ಜೋತಾಡ್ತಿತ್ತು. ನಾವು ಮರಿ ನೋಡ್ತಾ ಇದ್ವಿ, ಅದಕ್ಕೇ ಕುರಿ ಉಸ್ರು ನಿಂತಿದ್ದು ನಮಗೆ ಗೊತ್ತಾಗಲಿಲ್ಲ. ಅಕ್ಕಂಗೆ ಗೊತ್ತಾಗಿತ್ತು. ಅವಳು ಮಡಿಲಿಂದ ತಲೆ ಕೆಳಗಿಡ್ದೆ ಹಂಗೇ ಕೂತಿದ್ಲು.

ಅಪ್ಪ ಕೈ ತೊಳ್ಕೊಂಡು ತಾನೇ ದೊಡ್ಮನೆಗೆ ಹೋಗಿ ಹೇಳ್ದ. ಮುಚ್ಚಿಡೋ ಮಾತಲ್ಲ. ಯಜಮಾನ್ರು ಅವನ ಜೊತೇಲೇ ಬಂದ್ರು. ಕೆಟ್ಟ ಮನುಷ್ಯ ಅಲ್ಲ ಅವರು, ನಮ್ಮ ಹೊಸಿಲ ಹತ್ರ ಚಪ್ಪಲಿ ಬುಟ್ಟು ಒಳಕ್ಕೆ ಬಂದ್ರು, ಕುರಿ ಮೈ ಮುಟ್ಟಿ ನೋಡಿದ್ರು. ಒಳ್ಳೇ ಕುರಿ ಆಗಿತ್ತು ಅಂದ್ರು. ಆಮೇಲೆ ಅಪ್ಪನ ಕಡೆ ತಿರುಗಿ, "ಕುರಿ ಬದ್ಲು ಕುರಿ ಅಂದ್ರೆ ನೀನು ಎಲ್ಲಿಂದ ತತ್ತೀಯಪ್ಪ. ನಾನು ಅಂಥೋನಲ್ಲ. ಈ ಮರೀನೇ ಕುರಿ ಅಂತ ಲೆಕ್ಕ ಇಟ್ಕೋತೀನಿ ಬುಡು" ಅಂದ್ರು.

ಅವರ ಮನಸಲ್ಲಿ ಅದು ಉಪಕಾರ. ಊರಿನ ಮನಸಲ್ಲೂ ಉಪಕಾರಾನೇ. ಅಪ್ಪ ಕೈ ಮುಗಿದು, "ಆಗಲಿ ಬುದ್ದಿ, ನಿಮ್ಮ ದಯ" ಅಂದ.

ಹಾಲು ಬುಡೋವರ್ಗೂ ಮರಿ ಇಲ್ಲೇ ಇರ್ಲಿ, ನಿನ್ನ ಮಗಳು ಸಾಕ್ತಾಳೆ, ಆದ್ರೆ ನಮ್ಮ ಗುರ್ತು ಇವತ್ತೇ ಹಾಕ್ಬುಡು, ಆಮೇಲೆ ಮಾತು ಬರೋದು ಬ್ಯಾಡ ಅಂದ್ರು ಯಜಮಾನ್ರು. ಅಪ್ಪ ಜಗುಲಿ ಮೇಲಿದ್ದ ಅದೇ ಕತ್ತಿ ತಗೊಂಡ. ಅಕ್ಕ ಎಲೆ ಮೇಲೆ ಕಲಿತ ಕೈ ಮುಂದೆ ತರಲಿಲ್ಲ, ಹಿಂದಕ್ಕೆ ಕಟ್ಕೊಂಡು ನಿಂತ್ಲು. ಅಪ್ಪ ಮರಿ ಎಡಗಿವಿ ಹಿಡಿದು ತುದಿ ನೇರಕ್ಕೆ ಕತ್ತರಿಸ್ದ. ಅದು ಒಂದೇ ಒಂದು ಸಲ ಕೂಗ್ತು. ಬಲಗಿವಿ ಪೂರ್ತಿ ಹಂಗೇ ಇತ್ತು.

ಯಜಮಾನ್ರು ಹೋದ ಮೇಲೆ ಅಪ್ಪ ಜಗುಲಿ ಮೇಲೆ ಕೂತ. ನೆಲದ ಮೇಲೆ ಬೆಳಗ್ಗೆ ಬರೆದ ಕಿವಿ ಇನ್ನೂ ಇತ್ತು, ಅದರ ಮೇಲೆ ಕೋಳಿ ಓಡಾಡಿತ್ತು. ನನ್ನ ಕರೆದು ಹತ್ರ ನಿಲ್ಲಿಸ್ಕೊಂಡು ಅರಿಶಿನ ಮೆತ್ತಿದ ಕಿವಿ ನೋಡ್ದ.

"ಲೇ ಮಗ, ನಮ್ಮನೆ ಗುರ್ತು ಇರೋ ಜೀವ ನೀನೊಬ್ನೇ ಕಣ್ಲಾ. ಕಳ್ದೋಗ್ಬ್ಯಾಡ."

ನಗ್ತಾ ಹೇಳ್ದ ಅನ್ಸುತ್ತೆ. ನಾನೂ ಬ್ಯಾ ಅಂದೆ. ಯಾರೂ ನಗಲಿಲ್ಲ.

ಅಕ್ಕ ಆ ಮರಿಗೆ ಅವರಿವರ ಮನೇಲಿ ಕೇಳಿ ತಂದ ಹಸುವಿನ ಹಾಲಲ್ಲಿ ಬಟ್ಟೆ ಅದ್ದಿ ಅದ್ದಿ ಚೀಪಿಸಿ ಬದುಕ್ಸಿದ್ಲು. ಅದು ಅವಳ ಹಿಂದೇನೇ ತಿರುಗ್ತಿತ್ತು. ಒಂದಿನ ದೊಡ್ಮನೆ ಆಳು ಬಂದು ಹಗ್ಗ ಹಾಕಿ ಎಳ್ಕೊಂಡು ಹೋದ. ಆಮೇಲೆ ನಮ್ಮನೆಗೆ ಯಾರೂ ಪಾಲಿಗೆ ಕುರಿ ಕೊಡಲಿಲ್ಲ. ಕುರಿ ಸತ್ತ ಮನೆಗೆ ಕೊಡಲ್ಲ, ಅವರ ಕೈ ಆಗಿಬರಲ್ಲ ಅಂತ. ಸಂಜೆ ಮಂದೆ ಬಂದಾಗ ಅಕ್ಕ ಬಾಗ್ಲಲ್ಲಿ ನಿಂತಿರೋಳು. ಕೆಂಚು ಮೂತಿ ಕುರಿ ನಮ್ಮನೆ ಕಡೆ ಒಂದು ಹೆಜ್ಜೆ ತಿರುಗೋದು, ಆಳು ಅದನ್ನ ಅತ್ಲಾಗೆ ಹೊಡೆಯೋನು. ದಾರೀಲಿ ಯಾರ್ದು ಯಾರ್ದು ಆಟಾನ ಅಕ್ಕ ಅವತ್ತಿಂದ ಆಡಲಿಲ್ಲ. ನಾನು ಎಷ್ಟು ಕಾಗೆ ತೋರಿಸಿದ್ರೂ ಆಡಲಿಲ್ಲ. ಅಪ್ಪ ಸಾಯೋವರ್ಗೂ ಬೇರೆಯೋರ ಸೊಪ್ಪೇ ಕೊಯ್ದ. ನಾನೂ ಕೊಯ್ದೆ. ನಿಮ್ಮಪ್ಪ ಕೊಯ್ಲಿಲ್ಲ, ಬಿಡದೀಲಿ ಫ್ಯಾಕ್ಟರಿ ಸೇರ್ದ, ಕಂಟ್ರಾಕ್ಟ್ ಮೇಲೆ. ಆ ದೊಡ್ಮನೆ ಹೊಲಾನೂ ಈಗ ಅವರ್ದಲ್ಲ, ಸುತ್ತ ಕಾಂಪೌಂಡ್ ಹಾಕವ್ರೆ, ಒಳಗೆ ಏನೈತೋ ಕಾಣಲ್ಲ.

ನಿಮ್ಮ ಕಾಲದಲ್ಲಿ ಗುರ್ತಿಗೇನೂ ಬರ ಇಲ್ಲ ಕಣ್ರಪ್ಪ. ಡೈರಿಗೆ ಹಾಲು ಕೊಡೋ ಹಸುಗೆ ಕಿವೀಲಿ ಹಳದಿ ಬಿಲ್ಲೆ, ಅದರ ಮೇಲೆ ನಂಬರು. ನಿಮ್ಮ ಬ್ಯಾಗಿಗೆ, ನೀರಿನ ಬಾಟ್ಲಿಗೆ, ಟಿಫನ್ ಡಬ್ಬಿಗೆ, ಕೊನೆಗೆ ಪೆನ್ಸಿಲ್ಲಿಗೂ ನಿಮ್ಮವ್ವ ಹೆಸರಿನ ಸ್ಟಿಕ್ಕರ್ ಅಂಟಿಸ್ತಾಳೆ. ನಾವು ಬೀದೀಲಿ ಕಳ್ಕೊಂಡ್ರೆ ವಾಪಸ್ ಕೊಡೋಕೆ ಯಾರ್ದು ಅಂತ ಎಲ್ಲಾದ್ರ ಮೇಲೂ ಐತೆ. ಗೋಡೆ ಮೇಲೆ ಮಾತ್ರ ಚಿಕ್ಕೋಳು ಬರೆದ ನವಿಲು ಅಂಟಿಸೋ ಹಂಗಿಲ್ಲ, ಮೊಳೆ ಹೊಡೆಯೋ ಹಂಗಿಲ್ಲ, ಓನರ್ ಆಂಟಿ ಬೈತಾರೆ. ಬಾಡಿಗೆ ಜಾಸ್ತಿ ಮಾಡಿದ್ರೆ ಬೇರೆ ಮನೆ. ಅಲ್ಲೂ ಗೋಡೆ ಮುಟ್ಟೋ ಹಂಗಿಲ್ಲ. ಮೊನ್ನೆ ಅಂಗಡಿಗೆ ಹೋಗ್ವಾಗ ಚಿಕ್ಕೋಳಿಗೆ ನಮ್ಮ ಹಳೇ ಆಟ ಹೇಳ್ಕೊಟ್ಟೆ. ಈ ಗೇಟು ಯಾರ್ದು, ಈ ಸೈಟು ಯಾರ್ದು, ಈ ಮರ ಯಾರ್ದು ಅಂತ ಕೇಳ್ತಾ ಹೋದೆ. ಕರೆಂಟ್ ತಂತಿ ಮೇಲೆ ಕಾಗೆ ಇತ್ತು. ಅವಳು ಯಾರೂ ಹೇಳ್ಕೊಡ್ದೆ, ಅದು ನಂದು ತಾತ ಅಂದ್ಲು. ನಂಗೆ ನಗು ಬರ್ಬೇಕಿತ್ತು.

ನಮ್ಮನೆ ಗುರ್ತು ಹಾಕೋಕೆ ನನ್ನ ಕೈಗೆ ಒಂದು ಮರೀನೂ ಬರಲಿಲ್ಲ, ನಿಮ್ಮಪ್ಪನ ಕೈಗೂ ಬರಲಿಲ್ಲ, ನಿಮ್ಮ ಕೈಗೆ ಬತ್ತದೆ ಅಂತ ಹೇಳೋಕೆ ನಂಗೆ ಬಾಯಿ ಬರಲ್ಲ. ಕರಡಿ ಕತೆ ಹೇಳೋ ಬಾಯಿಗೂ ಆ ಸುಳ್ಳು ಬರಲ್ಲ. ಆದ್ರೂ ನಿಮ್ಮ ತಾತ ಅವನಪ್ಪ ಹೇಳಿದ ಒಂದು ಕೆಲಸ ಮಾತ್ರ ಸರಿಯಾಗಿ ಮಾಡವ್ನೆ, ಅದನ್ನ ಯಾರ್ಗಾದ್ರೂ ಹೇಳ್ಕೊಳ್ಳಿ. ಪ್ರತಿ ಸಲ ಮನೆ ಖಾಲಿ ಮಾಡ್ವಾಗ ಗೂಡ್ಸ್ ಆಟೋಗೆ ಮೊದ್ಲು ಸಿಲಿಂಡರ್ ಏರಿಸ್ತೀರ, ಆಮೇಲೆ ಮಂಚ, ಪಾತ್ರೆ, ಟೀವಿ, ಎಲ್ಲಾ ಆದ್ಮೇಲೆ ನನ್ನ. ಒಂದ್ಸಲ ಮಿಕ್ಸಿ ಜಾರ್ ಕಳ್ದೋಯ್ತು, ಒಂದ್ಸಲ ದೊಡ್ಡೋನ ಶೂ ಕಳ್ದೋಯ್ತು. ನಾನು ಇವತ್ತಿನವರ್ಗೂ ಕಳ್ದೋಗಿಲ್ಲ.