ಕೇಳದೆ ಹೇಳಿದ ಮಾತು

ಮಕ್ಕಳ ರಕ್ಷಣೆಯ ಕೆಲಸಕ್ಕೆ ಸೇರಿ ಹತ್ತು ವರ್ಷವಾಗಿದ್ದಾಗ, ಜಮಖಂಡಿಯ ನಮ್ಮ ಕಚೇರಿಯಲ್ಲಿ ಧ್ವನಿಪಾಠ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಊರೂರು ತಿರುಗುವ ಕಾರ್ಯಕರ್ತೆಯರಿಗೆ ದಪ್ಪ ಪುಸ್ತಕ ಓದಲು ಪುರಸೊತ್ತಿಲ್ಲ. ಬಸ್ಸಿನಲ್ಲೋ ಅಡುಗೆ ಮಾಡುತ್ತಲೋ ಮೊಬೈಲಿನಲ್ಲಿ ಕೇಳಲಿ ಎಂಬ ಯೋಚನೆ. ಕಷ್ಟದಲ್ಲಿರುವ ಮನೆಯವರ ಜೊತೆ ಹೇಗೆ ಮಾತಾಡಬೇಕು ಎಂಬುದೇ ಮೊದಲ ಪಾಠ.

ನನಗೆ ತಕ್ಷಣ ನೆನಪಾದವಳು ಚಿಮ್ಮಡದ ಒಬ್ಬ ತಾಯಿ. ಗಂಡ ತೀರಿಕೊಂಡಿದ್ದ. ಬನಹಟ್ಟಿಗೆ ಮಗ್ಗದ ಕೆಲಸಕ್ಕೆ ಹೋಗುವಾಗ ಮೂರು ವರ್ಷದ ಮಗಳ ಕಾಲನ್ನು ಹಳೆ ಸೀರೆಯಿಂದ ಮಂಚಕ್ಕೆ ಕಟ್ಟಿ ಹೋಗುತ್ತಿದ್ದಳು. ಬಾಗಿಲ ಮುಂದೆಯೇ ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ರಸ್ತೆ. ನಾನು ಮೂರು ಸಲ ಹೋಗಿ ಕೂತ ಮೇಲೆ ತಾನಾಗಿ ಹೇಳಿದ್ದಳು: “ಕಾಲಷ್ಟ ಕಟ್ಟತೇನ್ರಿ, ಕೈ ಕಟ್ಟಂಗಿಲ್ಲ. ಆಡಾಕ ಕೈ ಬೇಕಲ್ರಿ.”

ನಾನು ಬೈಯಲಿಲ್ಲ. ಮಗುವನ್ನು ಅಂಗನವಾಡಿಗೆ ಸೇರಿಸಿ, ಅದು ಮುಚ್ಚಿದ ಮೇಲೆ ನೋಡಿಕೊಳ್ಳಲು ಪಕ್ಕದ ಮನೆಯ ಮುದುಕಿಯನ್ನು ಒಪ್ಪಿಸಿದೆ. ಆ ಕೆಲಸದ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ ಇತ್ತು.

ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಮೊಬೈಲಿನ ಮುಂದೆ ಕೂತು ಅದನ್ನೇ ಹೇಳಿದೆ. ಊರು, ಹೆಸರು ಬಿಟ್ಟೆ. ಆದರೆ ಅವಳ ಆ ಮಾತನ್ನು ಅವಳಂತೆಯೇ ಆಡಿದೆ. ಅದಿಲ್ಲದೆ ಪಾಠ ಸಪ್ಪೆ ಅನ್ನಿಸಿತ್ತು. ಅವಳನ್ನು ಕೇಳಬೇಕೆಂದು ಹೊಳೆಯಲಿಲ್ಲ ಎಂದರೆ ಸುಳ್ಳಾದೀತು. ಹೊಳೆದಿತ್ತು. ಬೇಡ ಅಂದುಬಿಟ್ಟರೆ ಏನು ಮಾಡಲಿ ಎಂದು ಸುಮ್ಮನಾದೆ.

ಪಾಠ ಕಾರ್ಯಕರ್ತೆಯರ, ಅಂಗನವಾಡಿಯವರ ಮೊಬೈಲುಗಳಿಗೆ ಹೋಯಿತು. ಹದಿನೈದು ದಿನದ ಮೇಲೆ ಚಿಮ್ಮಡದ ಅಂಗನವಾಡಿ ಶಿಕ್ಷಕಿ ಫೋನ್ ಮಾಡಿದರು.

“ಪಾಠ ಭಾಳ ಛಲೋ ಆಗೇತ್ರಿ ಅಕ್ಕಾರ. ಆಹಾರದ ಪಾಕೀಟ ಹಂಚೂವಾಗ ಹಚ್ಚಿದ್ದೆ, ಹೆಣ್ಮಕ್ಕಳೆಲ್ಲಾ ಕೇಳಿದ್ರು. ಯಾರ ಮಾತಂತ ಗುರ್ತ ಹಿಡದ ಬಿಟ್ರು.”

“ಆಕಿ ಇದ್ಲೇನ್ರಿ ಅಲ್ಲಿ?”

“ಇದ್ಲರಿ. ಪಾಕೀಟ ತಗೊಳ್ಳದ ಹ್ವಾದ್ಲು.”

ಮರುದಿನವೇ ಬನಹಟ್ಟಿಯಲ್ಲಿ ಇಳಿದು ಆಟೋ ಹಿಡಿದು ಹೋದೆ. ಅವಳು ಎಂದಿನಂತೆ ಚಾಪೆ ಹಾಸಿ ನೀರು ಕೊಟ್ಟಳು.

“ನಿನ್ನ ಹೆಸರ ಹೇಳಿಲ್ಲ ತಂಗಿ,” ಎಂದೆ. ಬಾಯಿಂದ ಬರುವಾಗಲೇ ಆ ಮಾತಿಗೆ ನಾಚಿಕೆಯಾಯಿತು.

“ನಾ ನಿಮಗ ಹೇಳಿದ್ದೆರಿ. ಊರಿಗೆ ಹೇಳಿದ್ದಿಲ್ಲ.”

ಮಗು ಕಾಣಲಿಲ್ಲ. ಕೇಳಿದೆ.

“ಮುಧೋಳ ಕಡೆ ನಮ್ಮವ್ವನ ಮನ್ಯಾಗ ಬಿಟ್ಟ ಬಂದೇನಿ. ಮಂದಿ ಅದರ ಕಾಲ ನೋಡಾಕತ್ತಾರ್ರಿ.”

ತಪ್ಪಾಯಿತು ಎಂದೆ. ಅವಳು ನೀರಿನ ಲೋಟ ತೆಗೆದುಕೊಂಡು ಒಳಗೆ ಹೋದಳು.

ಪಾಠವನ್ನು ತೆಗೆಸಿದೆ. ಆದರೆ ಅಷ್ಟರಲ್ಲಿ ಅದು ಬೀಳಗಿಯವರೆಗೆ ಎಷ್ಟೋ ಮೊಬೈಲುಗಳಿಗೆ ಹೋಗಿಯಾಗಿತ್ತು. ಇನ್ನೊಂದು ಪಾಠದಲ್ಲಿ, ನಂಬಿ ಹೇಳಿದವರ ಮಾತನ್ನು ಅವರ ಒಪ್ಪಿಗೆ ಕೇಳದೆ ಬಳಸಬಾರದು ಎಂದು ನನ್ನ ತಪ್ಪನ್ನೇ ಹೇಳಿಕೊಂಡೆ. ಅದನ್ನೂ ಚೆನ್ನಾಗಿದೆ ಎಂದರು. ಆ ಹೊಗಳಿಕೆ ಕೇಳಿಸಿಕೊಳ್ಳಲು ಆಗಲಿಲ್ಲ.

ಈಗಲೂ ಒಮ್ಮೊಮ್ಮೆ ಬನಹಟ್ಟಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತಾಳೆ. “ಆರಾಮ ಅದೀರಿಲ್ರಿ?” ಎಂದು ಅವಳೇ ಮೊದಲು ಕೇಳುತ್ತಾಳೆ. ಮಗಳು ತಿರುಗಿ ಬಂದಳೇ ಎಂದು ಕೇಳಲು ಇದುವರೆಗೂ ನನಗೆ ಬಾಯಿ ಬಂದಿಲ್ಲ.