ಸೋಮವಾರದ ಎತ್ತುಗಳು

ನಮ್ಮ ಮನೆಯ ಎತ್ತುಗಳು ಹೋಗಿ ನಾಲ್ಕು ವರ್ಷವಾಯಿತು. ಅವುಗಳ ಸೋಮವಾರದ ರಜೆ ಮಾತ್ರ ಇನ್ನೂ ಇದೆ ಎಂದು ನನಗೆ ತಿಳಿದದ್ದು ಕಳೆದ ಬೇಸಿಗೆಯಲ್ಲಿ, ಕೊಟ್ಟಿಗೆಯ ನೆಲ ಅಗೆಸಲು ಹೊರಟ ದಿನ.

ಬೈಲಹೊಂಗಲದಿಂದ ಸಂಗೊಳ್ಳಿಯ ಕಡೆ ಹೋಗುವ ದಾರಿಯಲ್ಲಿ ನಮ್ಮ ಹಳ್ಳಿ. ಇಲ್ಲಿಯ ಹಳೆಯ ಮನೆಗಳೆಲ್ಲ ಒಂದೇ ನಮೂನೆ. ತಲೆಬಾಗಿಲು ದಾಟಿದರೆ ಮೊದಲು ದನದ ಕೊಟ್ಟಿಗೆ, ಅಲ್ಲಿಂದ ಎರಡು ಮೆಟ್ಟಿಲು ಏರಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಕೊನೆಗೆ ಹಿತ್ತಲು. ಬಂದವರು ಎತ್ತಿನ ಮುಖ ನೋಡಿಯೇ ಮನುಷ್ಯರ ಮುಖ ನೋಡಬೇಕು. ರಾಮದುರ್ಗದ ಪೇಟೆಯಲ್ಲಿ ಬೆಳೆದ ನನಗೆ ಮದುವೆಯಾದ ಹೊಸದರಲ್ಲಿ ಇದು ವಿಚಿತ್ರವಾಗಿ ಕಂಡಿತ್ತು. ಈಗ ಆ ಕ್ರಮವೇ ಸರಿ ಅನಿಸುತ್ತದೆ. ಎರಡರಲ್ಲಿ ನೋಡುವಂಥ ಮುಖ ಎತ್ತಿನದೇ.

ಆ ಕೊಟ್ಟಿಗೆಯಲ್ಲಿ ಒಂದು ಸಂಡಾಸು ಕಟ್ಟಿಸಬೇಕೆಂದು ನಾನು ಹಟ ಹಿಡಿದದ್ದು ಅತ್ತೆಯ ಸಲುವಾಗಿ. ಅವರ ಮೊಣಕಾಲು ಎರಡೂ ಸವೆದಿವೆ. ಮನೆಗೆ ಇರುವುದು ಹಿತ್ತಲ ಮೂಲೆಯ ಒಂದೇ ಸಂಡಾಸು. ಅಲ್ಲಿಗೆ ಹೋಗಬೇಕೆಂದರೆ ನಾಲ್ಕು ಮೆಟ್ಟಿಲು ಇಳಿದು, ಬಟ್ಟೆ ಒಗೆಯುವ ಕಲ್ಲು ದಾಟಿ, ಕರಿಬೇವಿನ ಗಿಡದ ಆಚೆ ನಡೆಯಬೇಕು. ನಡೆದ ಮೇಲೆ ಕುಕ್ಕರಗಾಲಿನಲ್ಲಿ ಕೂರಬೇಕು. ಇದಕ್ಕೆ ಅತ್ತೆ ತಮ್ಮದೇ ಒಂದು ಉಪಾಯ ಕಂಡುಕೊಂಡಿದ್ದರು. ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಮುಂಜಾನೆ ಅರ್ಧ ಲೋಟ, ಊಟದ ಹೊತ್ತಿಗೆ ನಾಲ್ಕು ಗುಟುಕು, ಇಳಿಹೊತ್ತಿನ ನಂತರ ಮಜ್ಜಿಗೆಯನ್ನೂ ಮುಟ್ಟುತ್ತಿರಲಿಲ್ಲ. ಆರು ತಿಂಗಳಲ್ಲಿ ಎರಡು ಸಲ ಉರಿಮೂತ್ರವಾಗಿ ಬೈಲಹೊಂಗಲದ ಡಾಕ್ಟರ ಹತ್ತಿರ ಕರೆದೊಯ್ದೆ. ಮುದುಕಿಗೆ ನೀರು ಕೊಡುವುದಿಲ್ಲವೇನು ಎಂದು ಅವರು ನನ್ನನ್ನು ಬೈದರು. ಬೈಸಿಕೊಂಡು ಸುಮ್ಮನೆ ಬಂದೆ, ಯಾಕೆಂದರೆ ಡಾಕ್ಟರೂ ಗಂಡಸು, ಅತ್ತೆ ಬಸ್ಸಿನಲ್ಲಿಯೇ ನನ್ನಿಂದ ಆಣೆ ಹಾಕಿಸಿಕೊಂಡಿದ್ದರು.

"ಗಣಮಕ್ಕಳ ಮುಂದ ಇದನ್ನ ಆಡಬ್ಯಾಡಬೇ. ನನ್ನ ಆಣಿ ಐತಿ ನೋಡು."

ಹೀಗಾಗಿ ಊಟದ ಹೊತ್ತಿನಲ್ಲಿ ನಾನು ಮನೆಯ ಇಬ್ಬರು ಗಂಡಸರ ಮುಂದೆ ಬೇರೆಯೇ ಕಾರಣ ಇಟ್ಟೆ. ಬೀಗರು ಬಂದರೆ ಮುಜುಗರವಾಗುತ್ತದೆ, ಮಳೆಗಾಲದಲ್ಲಿ ಹಿತ್ತಲು ಕೆಸರಾಗುತ್ತದೆ, ಕೊಟ್ಟಿಗೆ ಹೇಗೂ ಖಾಲಿ ಬಿದ್ದಿದೆ. ನನ್ನ ಗಂಡ "ನೋಡೂಣು" ಅಂದರು. ಬೈಲಹೊಂಗಲದಲ್ಲಿ ಅವರದೊಂದು ಗೊಬ್ಬರದ ಅಂಗಡಿ ಇದೆ. ಅಲ್ಲಿ ಗಿರಾಕಿಗೂ, ಇಲ್ಲಿ ಹೆಂಡತಿಗೂ ಅವರು ಕೊಡುವ ಉತ್ತರ ಅದೊಂದೇ. ಮೈದುನ ಮೊಬೈಲಿನಿಂದ ತಲೆ ಎತ್ತದೆ "ಮಾಡ್ರಿ ವೈನಿ" ಅಂದ. ಅದನ್ನೇ ಒಪ್ಪಿಗೆ ಎಂದು ತಿಳಿದು ನಾನು ಗಾರೆ ಕೆಲಸದ ಗೌಂಡಿಗೆ ಹೇಳಿ ಕಳಿಸಿದೆ. ಊರಿನಲ್ಲಿ ಕೈ ಚೊಕ್ಕ ಇರುವ ಗೌಂಡಿ ಅವನೊಬ್ಬನೇ. ಸೋಮವಾರದಿಂದ ಮೂರು ದಿನ ಬಿಡುವಿದೆ, ಗುರುವಾರ ಕಿತ್ತೂರಿಗೆ ದೊಡ್ಡ ಕೆಲಸಕ್ಕೆ ಹೋದರೆ ಮಳೆಗಾಲ ಮುಗಿಯುವ ತನಕ ಈ ಕಡೆ ತಲೆ ಹಾಕುವುದಿಲ್ಲ ಅಂದಿದ್ದ. ನಾನು ಪಾಠ ಹೇಳುವ ಕಾಲೇಜಿಗೆ ರಜೆ ಹಾಕಿದೆ. ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ತವರಿಗೆ ಹೋಗಿದ್ದಳು. ಅವಳು ಪುಣ್ಯವಂತೆ, ಇಂಥ ದಿನಗಳ ವಾಸನೆ ಅವಳಿಗೆ ಮೊದಲೇ ಬರುತ್ತದೆ.

ಸೋಮವಾರ ಬೆಳಗಿನ ಐದಕ್ಕೆ ಎದ್ದೆ. ವಾರಕ್ಕೊಮ್ಮೆ ಬರುವ ನಳದ ನೀರು ಅವತ್ತೇ ಬರಬೇಕೆ? ಬಂತು. ಹಂಡೆ, ಕೊಡ, ಬಕೆಟ್ಟು, ಕೊನೆಗೆ ಕುಕ್ಕರನ್ನೂ ಬಿಡದೆ ತುಂಬಿಸಿದೆ. ಅಂಗಳಕ್ಕೆ ನೀರು ಹಾಕಿ, ಅತ್ತೆಗೆ ಎರೆದು, ಪೂಜೆಗೆ ಅಣಿ ಮಾಡಿ ಒಲೆಯ ಮುಂದೆ ಕುಳಿತೆ. ಮನೆಯವರಿಗೆ, ಗೌಂಡಿಗೆ, ಅವನ ಜೊತೆ ಬರುವ ಇಬ್ಬರು ಆಳುಗಳಿಗೆ ಎಂದು ಒಂದು ಬುಟ್ಟಿ ರೊಟ್ಟಿ ಬಡಿದೆ. ಪುಂಡಿಪಲ್ಯ ಕುದಿಯುವಾಗ ನನ್ನ ಗಂಡ ಬಂದು ಟಾವೆಲ್ ಎಲ್ಲಿ ಅಂದರು. ಅದು ಅವರ ಹೆಗಲ ಮೇಲೆಯೇ ಇತ್ತು. ನಾನು ಹೇಳಲಿಲ್ಲ. ಹುಡುಕಲಿ ಎಂದು ಬಿಟ್ಟೆ, ಸಾಕಷ್ಟು ಹೊತ್ತು ಹುಡುಕಿದರು.

ಆಮೇಲೆ ಕೊಟ್ಟಿಗೆ ತೆರವು ಮಾಡುವ ಕೆಲಸ. ಎತ್ತು ಹೋದ ಮೇಲೆ ಅಲ್ಲಿ ಏನೇನು ಬಂದು ಕಟ್ಟಿಸಿಕೊಂಡಿತ್ತು ಎಂದು ಬೇರೆ ಯಾರೂ ನೋಡಿರಲಿಲ್ಲ. ಕೆಟ್ಟ ಕೂಲರು, ಮೂರು ಕಾಲಿನ ಪ್ಲಾಸ್ಟಿಕ್ ಕುರ್ಚಿಗಳು, ಯಾರದೋ ಮದುವೆಯ ಉಳಿದ ಪತ್ರಿಕೆಗಳ ಎರಡು ಚೀಲ. ಮೈದುನ ಒಂದು ತಿಂಗಳು ಎತ್ತಿ ಬಿಟ್ಟ ಕಬ್ಬಿಣದ ಗುಂಡುಗಳು. ಅವನ ಹುಟ್ಟುಹಬ್ಬಕ್ಕೆ ಅವನೇ ಹೇಳಿ ಹಾಕಿಸಿಕೊಂಡ ಫ್ಲೆಕ್ಸು, ಅದರಲ್ಲಿ ಕಪ್ಪು ಕನ್ನಡಕ ಹಾಕಿ ಊರಿಗೆಲ್ಲ ಕೈ ಮುಗಿದಿದ್ದಾನೆ. ಊರಿಗೆ ಉಪಕಾರಿ, ಮನೆಗೆ ಮಾರಿ. ಎತ್ತಿಗೆ ಮೇವು ಹಾಕುತ್ತಿದ್ದ ಗೋದಲಿಯ ತುಂಬ ಖಾಲಿ ಬಾಟಲಿಗಳು, ಇಂಥವೇ ಎಂದು ಬಿಡಿಸಿ ಹೇಳುವುದಿಲ್ಲ. ಇವೆಲ್ಲವನ್ನೂ ಒಬ್ಬಳೇ ಹೊತ್ತು ಹೊರಗೆ ಹಾಕಿದೆ. ನನ್ನ ಗಂಡ ಪಡಸಾಲೆಯಲ್ಲಿ ನಿಂತು "ಸಾವಕಾಶ, ಸಾವಕಾಶ" ಎಂದು ನೆರವು ಕೊಟ್ಟರು.

ಗೌಂಡಿ ಹತ್ತಕ್ಕೆ ಬಂದ. ಸುಣ್ಣದಲ್ಲಿ ಗೆರೆ ಎಳೆದು, ಇಲ್ಲಿ ಕುರ್ಚಿಯಂತೆ ಕೂರುವ ಕಮೋಡು, ಇಲ್ಲಿ ಕೈ ಹಿಡಿಯಲು ಕಬ್ಬಿಣದ ಸಲಾಕೆ, ಪಡಸಾಲೆಯ ಮೆಟ್ಟಿಲು ತೆಗೆದು ಇಳಿಜಾರು ಎಂದೆಲ್ಲ ತೋರಿಸಿದ. ಗಾಲಿಯ ಕುರ್ಚಿ ತಂದರೆ ಅತ್ತೆ ಮಂಚದಿಂದ ಇಳಿದು ಒಂದೇ ನಿಮಿಷಕ್ಕೆ ಹೋಗಿ ಬರಬಹುದಿತ್ತು. ಆಳು ಹಾರೆ ಎತ್ತುವುದಕ್ಕೂ ಮೈದುನನ ಬೈಕು ಬಾಗಿಲಿಗೆ ಬಂದು ನಿಲ್ಲುವುದಕ್ಕೂ ಸರಿಹೋಯಿತು.

"ವೈನಿ, ಇವತ್ತ ಯಾ ವಾರರಿ?"

"ಸೋಮಾರ" ಅಂದೆ.

"ಸೋಮಾರ ದಿವಸ ಬಸವಣ್ಣನ ಜಾಗಾದಾಗ ಹಾರಿ ಹಾಕಸ್ತೀರೇನ್ರಿ? ನಮ್ಮಪ್ಪ ಬದುಕಿರೂತನ ಒಂದ ಸೋಮಾರನೂ ಎತ್ತ ಹೂಡಿಲ್ಲ. ಅದೂ ಸಂಡಾಸ ಕಟ್ಟಾಕ?"

ಗೌಂಡಿ ಮೆಲ್ಲಗೆ ಹೇಳಿದ, "ಸಾವಕಾರ, ನಾ ಹಾರಿ ಹಾಕೂದು ನೆಲಕ್ಕರಿ. ಎತ್ತಿಗಲ್ಲ."

ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಹೇರುವುದಿಲ್ಲ, ನಿಜ. ಅದು ಒಳ್ಳೆಯ ಪದ್ಧತಿ, ನಾನು ಅದನ್ನು ಎಂದೂ ಆಡಿಕೊಂಡವಳಲ್ಲ. ಆದರೆ ಆ ಎತ್ತುಗಳನ್ನು ಸಂತೆಗೆ ಹೊಡೆದುಕೊಂಡು ಹೋಗಿ ಮಾರಿದವನು ಇವನೇ. ಹೊಸ ಟ್ರ್ಯಾಕ್ಟರಿನ ಹುಮ್ಮಸ್ಸಿನಲ್ಲಿ ಕೊಂಡವನ ಊರನ್ನೂ ಕೇಳಲಿಲ್ಲ. ಮಾರುವ ಮುಂಚೆ ಎತ್ತಿನ ಕೊರಳು ತಬ್ಬಿ ಫೋಟೋ ತೆಗೆಸಿಕೊಂಡು 'ಕಣ್ಣೀರಿನ ವಿದಾಯ' ಎಂದು ಸ್ಟೇಟಸ್ ಹಾಕಿದ್ದ. ನಲವತ್ತು ವರ್ಷ ಆ ಕೊಟ್ಟಿಗೆಯ ಸಗಣಿ ಬಾಚಿದ ಅತ್ತೆ ಅವತ್ತು ಗೋದಲಿ ಹಿಡಿದು ಅತ್ತರು. ಅದರ ಫೋಟೋ ಯಾರೂ ತೆಗೆಯಲಿಲ್ಲ. ಆಮೇಲೆ ಅದೇ ಗೋದಲಿಗೆ ಬಾಟಲಿ ಎಸೆಯುವಾಗ ಇವನಿಗೆ ಬಸವಣ್ಣನ ನೆನಪಾಗಲಿಲ್ಲ. ಹೇಳೂದು ಆಚಾರ, ತಿನ್ನೂದು ಬದನಿಕಾಯಿ ಅನ್ನುವುದು ಇಂಥವರನ್ನು ನೋಡಿಯೇ.

ಇದನ್ನೆಲ್ಲ ಅವನ ಮುಖಕ್ಕೇ ಹೇಳಿದೆ. ಬಾಟಲಿಯ ಮಾತನ್ನೂ ಬಿಡಲಿಲ್ಲ. ಅವನು ಕೆಂಪಾಗಿ ಅಣ್ಣನ ಕಡೆ ನೋಡಿದ. ನನ್ನ ಗಂಡ ಗದ್ದ ತುರಿಸಿಕೊಂಡು, "ನೋಡೂಣು. ಇವ ಹೇಳೂದರಾಗೂ ಅರ್ಥ ಐತಿ. ಮಠದ ಅಯ್ಯಗಳನ್ನ ಒಂದ ಮಾತ ಕೇಳೂಣು" ಎಂದು ಫೋನು ತೆಗೆದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಅಯ್ಯಗಳು ಫೋನು ಎತ್ತಲಿಲ್ಲ. ಆಗ ಗಂಡ ವಾಸ್ತುವಿನ ಒಂದು ವಿಡಿಯೋ ಹಚ್ಚಿದರು. ಅಗ್ನಿಮೂಲೆ ಯಾವುದು ಎಂದು ಅಣ್ಣತಮ್ಮಂದಿರು ಕೊಟ್ಟಿಗೆಯ ನಡುವೆ ನಿಂತು ಮೊಬೈಲನ್ನು ಅತ್ತ ಇತ್ತ ತಿರುಗಿಸತೊಡಗಿದರು. ಇಬ್ಬರೂ ಡಿಗ್ರಿ ಮುಗಿಸಿದವರು.

"ನಾಳಿ ಹಚ್ಚಿದ್ರ ಆಗೂದಿಲ್ಲೇನೋ?" ಎಂದು ಗಂಡ ಗೌಂಡಿಯನ್ನು ಕೇಳಿದರು.

"ಮೂರ ದಿವಸದ ಕೆಲಸರಿ. ಇವತ್ತ ತಗ್ಗ ತಗದ್ರ ಬುಧವಾರ ಸಂಜಿಗಿ ಕೊಡತೇನಿ. ಇಲ್ಲಂದ್ರ ಮಳಿಗಾಲ ಮುಗದ ಮ್ಯಾಲರಿ."

"ಮುಗದ ಮ್ಯಾಲನ ಆಗಲೇಳ" ಅಂದ ಮೈದುನ. "ಅವಸರ ಏನೈತಿ? ಅವ್ವಗೇನ ತ್ರಾಸೈತಿ? ಹಿತ್ತಲಾಗ ಐತೆಲ್ಲ. ವೈನಿ ಕರಕೊಂಡ ಹೋಗತಾರ."

ನನ್ನ ಬಾಯಿಗೆ ಮಾತು ಬಂದೇ ಬಿಟ್ಟಿತ್ತು. ಆಣೆ ನೆನಪಾಗಿ ನುಂಗಿಕೊಂಡೆ. ನುಂಗಿ, ಮತ್ತೆ ಬೀಗರು, ಕೆಸರು, ಮುಜುಗರ ಎಂದೇ ಒದರಿದೆ. ಕ್ಲಾಸಿನಲ್ಲಿ ಗಂಟೆಗಟ್ಟಲೆ ಮಾತಾಡುವವಳು ನಾನು. ಆ ಕೊಟ್ಟಿಗೆಯಲ್ಲಿ ಎಲ್ಲ ಮಾತನ್ನೂ ಆಡಿದೆ, ಬೇಕಾದ ಮಾತೊಂದನ್ನು ಬಿಟ್ಟು. ಗೌಂಡಿ ಹಾರೆಯನ್ನು ಗೋಡೆಗೆ ಆನಿಸಿದ. ಆಳುಗಳು ಬುಟ್ಟಿ ಎತ್ತಿಕೊಳ್ಳತೊಡಗಿದರು.

ಆಗ ಪಡಸಾಲೆಯ ಮಂಚದಿಂದ ಅತ್ತೆ ಕರೆದರು.

"ಯವ್ವಾ, ಒಂದ ತಂಬಗಿ ನೀರ ತಾ."

ತಂದುಕೊಟ್ಟೆ. ಅವರು ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ ಕುಡಿದರು. ನೀರು ಗದ್ದದ ಮೇಲಿಂದ ಇಳಿದು ಕುಪ್ಪಸ ತೊಯ್ಯಿತು. ಪೂರ್ತಿ ಮುಗಿಸಿ ಇನ್ನೊಂದು ತಾ ಅಂದರು. ಅದನ್ನೂ ಮುಗಿಸಿದರು. ಗಂಡಸರು ಮೊಬೈಲು ಹಿಡಿದುಕೊಂಡೇ ನೋಡುತ್ತ ನಿಂತಿದ್ದರು.

"ಆರ ತಿಂಗಳಾತು ನಾ ಹೊಟ್ಟಿ ತುಂಬ ನೀರ ಕುಡೀಲಾರದ" ಅಂದರು ಅತ್ತೆ. ಮಕ್ಕಳನ್ನು ನೋಡಲಿಲ್ಲ, ಗೋಡೆ ನೋಡಿಕೊಂಡು ಹೇಳಿದರು. "ಕುಡದ್ರ ಹೋಗಬೇಕಾಗತೈತಿ. ಹೋದ್ರ ಜೀವ ಹೋಗಿ ಬಂದಂಗ ಆಗತೈತಿ. ಅದಕ್ಕ ಬಿಟ್ಟಿದ್ನಿ. ಈಗ ಕುಡದೇನಿ. ಇನ್ನ ಅರ್ಧಾ ತಾಸಿಗಿ ಹೋಗಬೇಕು. ಎತ್ತಿಗಿ ಸೋಮಾರ ಐತಿ ಅಂದ್ರೆಲ್ಲ, ಇಕಿಗೂ ಇವತ್ತ ಸೋಮಾರ ಇರಲಿ. ನೀವ ಇಬ್ಬರೂ ಹೊರ್ರಿ."

ಗೌಂಡಿ ಆಳುಗಳನ್ನು ಕರೆದುಕೊಂಡು ಹೊರಗೆ ಕಟ್ಟೆಗೆ ಹೋಗಿ ಕುಳಿತ. ಆ ಮನೆಯಲ್ಲಿ ಅವತ್ತು ತಿಳಿವಳಿಕೆ ಇದ್ದ ಗಂಡಸು ಅವನೊಬ್ಬನೇ. ನನ್ನ ಗಂಡ ಕಂಬಕ್ಕೆ ಒರಗಿ ನೆಲ ನೋಡಿದರು. ಮೈದುನ ಸುಮ್ಮನೆ ಅಡುಗೆಮನೆಗೆ ಹೋಗಿ ಬಂದ, ಮತ್ತೆ ಹೋಗಿ ಬಂದ. ನನಗೆ ಖುಷಿಯಾಗಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಗಿತ್ತು. ಒಲೆಯ ಮುಂದೆ ಕಾಲು ಚಾಚಿ ಕುಳಿತು ಒಂದು ಲೋಟ ಚಹಾ ಕುಡಿದೆ. ಯಾರಿಗೂ ಕೊಡಲಿಲ್ಲ.

"ಏಳ್ರಿ" ಅಂದರು ಅತ್ತೆ.

ನಾಲ್ಕೂ ಕಾಲು ನೆಟ್ಟಗಿದ್ದ ಒಂದು ಕುರ್ಚಿಯ ಮೇಲೆ ಕೂರಿಸಿ ಇಬ್ಬರೂ ಎತ್ತಿದರು. ಹಿತ್ತಲ ಮೆಟ್ಟಿಲಲ್ಲಿ ಗಂಡ ಮುಂದೆ, ಮೈದುನ ಹಿಂದೆ. ಎರಡನೆಯ ಮೆಟ್ಟಿಲಿಗೆ ಕುರ್ಚಿ ವಾಲಿತು, ಅತ್ತೆ ಮುಂದಕ್ಕೆ ಜಾರಿ ಹಿರಿಯ ಮಗನ ತಲೆಗೂದಲು ಹಿಡಿದರು. ಸಂಡಾಸಿನ ಬಾಗಿಲು ಸಣ್ಣದು, ಕುರ್ಚಿ ಒಳಗೆ ಹೋಗಲಿಲ್ಲ. ಕಂಕುಳಿಗೆ ಕೈ ಕೊಟ್ಟು ಎತ್ತಿ ಒಳಗೆ ನಿಲ್ಲಿಸಬೇಕಾಯಿತು. ಆ ಹೊತ್ತಿಗೆ ಅತ್ತೆ ಸೆರಗನ್ನು ಮುಖದ ತುಂಬ ಎಳೆದುಕೊಂಡಿದ್ದರು. ಮಾವನವರ ಮುಂದೆಯೂ ಅಷ್ಟು ಸೆರಗು ಎಳೆದುಕೊಂಡದ್ದನ್ನು ನಾನು ಕಂಡಿರಲಿಲ್ಲ. ಮಕ್ಕಳು ಹೊರಗೆ ಬಂದು ಕರಿಬೇವಿನ ಗಿಡದ ಹತ್ತಿರ ಗೋಡೆಗೆ ಮುಖ ಮಾಡಿ ನಿಂತರು. ಮೈದುನ ಕಣ್ಣು ಒರೆಸಿಕೊಳ್ಳುತ್ತಿದ್ದ. ಈ ಸಲ ಕೈಯಲ್ಲಿ ಮೊಬೈಲು ಇರಲಿಲ್ಲ.

ಒಳಗಿನಿಂದ ಅತ್ತೆ ಕರೆದದ್ದು ಮಕ್ಕಳನ್ನಲ್ಲ, ನನ್ನನ್ನು. ಕೂತವರಿಗೆ ಏಳಲು ಆಗುತ್ತಿರಲಿಲ್ಲ. ನಾನು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿ ತೊಳೆದೆ, ಎರಡೂ ಕೈ ಹಿಡಿದು ಎಬ್ಬಿಸಿದೆ. ಅವರು ನನ್ನ ಭುಜಕ್ಕೆ ಹಣೆ ಇಟ್ಟು ಏದುಸಿರು ಬಿಡುತ್ತ ನಿಂತರು. ನಾನು ಅವರನ್ನು ಹೊಗಳಲು ಹೊರಟಿದ್ದೆ. ಚಲೋ ಮಾಡಿದ್ರಿ ಅತ್ತಿ, ಅವರಿಗೆ ಹಿಂಗ ಆಗಬೇಕಿತ್ತು ಅನ್ನುವ ಮಾತು ನಾಲಗೆಯ ತುದಿಯಲ್ಲಿತ್ತು.

ಅಷ್ಟರಲ್ಲಿ ಕೊಟ್ಟಿಗೆಯ ಕಡೆಯಿಂದ ಹಾರೆಯ ಮೊದಲ ಪೆಟ್ಟು ಕೇಳಿತು. ಯಾರು ಹೇಳಿದರೋ, ಕೆಲಸ ಶುರುವಾಗಿತ್ತು.

ಅತ್ತೆ ಸೆರಗಿನೊಳಗಿನಿಂದಲೇ ಅಂದರು, "ಆಣಿ ಮುರದ ನೀನರ ಹೇಳತಿ ಅಂತ ತಿಳದಿದ್ನೆಬೇ. ಇಷ್ಟ ದಿನ ಅದರ ದಾರಿನ ನೋಡಿದ್ನಿ."

ನಾನು ಅವರ ಸೀರೆಯ ನಿರಿಗೆ ಸರಿಮಾಡಿ, ಬಾಗಿಲು ತೆಗೆದು, ಎತ್ತಿಕೊಳ್ಳಲು ಅವರ ಮಕ್ಕಳನ್ನು ಕರೆದೆ.