ಕಿವಿಗೆ ಹಿಡಿದ ಕಾಯಿ

ವಿಜ್ಞಾನಿಯ ಮನೆಯೆಂದರೆ ದುರ್ಬೀನು, ತಂತಿ, ಗಾಜಿನ ನಳಿಕೆ ಇದ್ದೇ ಇರುತ್ತವೆಂದು ಸೂರ್ಯಪ್ರಕಾಶ್ ಫೋಟೋಗ್ರಾಫರನನ್ನೂ ಕರೆದುಕೊಂಡು ಶೆಟ್ಟಿಕೆರೆಗೆ ಹೋದರು. ಅವರು ಹನ್ನೊಂದು ಅಭಿನಂದನಾ ಗ್ರಂಥಗಳ ಸಂಪಾದಕರು. ಹನ್ನೊಂದರಲ್ಲೂ ಅವರ ಫೋಟೋವೇ ದೊಡ್ಡದು. ಹನ್ನೆರಡನೆಯದು ಭೌತವಿಜ್ಞಾನಿ ಗಂಗಲಕ್ಷ್ಮಿಯವರ ಕುರಿತು. ಅವರ ಮನೆಯಲ್ಲಿ ಕಂಡದ್ದು ಒಂದು ಪೆನ್ಸಿಲು, ಒಂದಿಷ್ಟು ಹಾಳೆ.

"ಇಷ್ಟೇನಾ ಮೇಡಂ?"

"ನಮ್ದು ತಲೇಲಿ ಮಾಡೋ ಕೆಲ್ಸ ಕಣ್ರೀ."

ಒಣಗುವ ವಸ್ತು ತನ್ನ ಚಿಪ್ಪನ್ನು ಯಾವಾಗ ಬಿಡುತ್ತದೆ ಎಂಬುದಕ್ಕೆ ಅವರು ಕೊಟ್ಟ ಸಮೀಕರಣವನ್ನು ಹೊರದೇಶದಲ್ಲೂ ಕಲಿಸುತ್ತಾರೆ. ಮೂವತ್ತು ವರ್ಷದ ಆ ದುಡಿಮೆ ಮೊಳೆತದ್ದು ಈ ಮನೆಯ ಅಟ್ಟದಲ್ಲಿ. ಅಲ್ಲಿ ವರ್ಷವಿಡೀ ಒಣಗಿದ ತೆಂಗಿನಕಾಯಿಗಳನ್ನು ತಾಯಿ ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು. ಪ್ರಬಂಧಗಳ ಕೊನೆಯಲ್ಲಿ ಗಂಗಲಕ್ಷ್ಮಿ ಪ್ರೊಫೆಸರುಗಳಿಗೆಲ್ಲ ವಂದನೆ ಬರೆದರು, ಟೈಪಿಸ್ಟಿಗೂ ಬರೆದರು. ಓದುಬರಹವಿಲ್ಲದ ಅವ್ವನ ಹೆಸರು ಹಾಕಲು ನಾಚಿಕೆ. ಕೊನೆಗೊಮ್ಮೆ ಹಾಕಿ, ಅವ್ವನಿಗೆ ಓದಿ ಹೇಳಲೆಂದು ಹೋದ ತಿಂಗಳು ಆ ಹಾಳೆ ಹಿಡಿದು ಬಸ್ಸಿಳಿದು ಬಂದರೆ, ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದರು.

ಇದ್ಯಾವುದೂ ಸೂರ್ಯಪ್ರಕಾಶರ ಪ್ರಶ್ನೆಗಳಲ್ಲಿ ಇರಲಿಲ್ಲ. ಅವರು ಪದವಿ, ಪ್ರಶಸ್ತಿ, ಇಸವಿ ಬರೆದುಕೊಂಡರು. ಆಮೇಲೆ ಫೋಟೋಗೆಂದು ಎಲ್ಲರೂ ಅಟ್ಟ ಹತ್ತಿದರು.

ಅವ್ವ ಒಣಹಾಕಿದ್ದ ಕಾಯೊಂದನ್ನು ಗಂಗಲಕ್ಷ್ಮಿ ಕಿವಿಗೆ ಹಿಡಿದು ಅಲ್ಲಾಡಿಸಿದರು. ಕೊಬ್ಬರಿ ಬಿಟ್ಟ ಸದ್ದು ಸ್ಪಷ್ಟವಾಗಿ ಕೇಳಿತು. ಆದರೂ ಸುಲಿಯಲು ತೆಗೆದಿಡದೆ, ಅವ್ವ ಇಟ್ಟಿದ್ದ ಜಾಗದಲ್ಲೇ ಇಟ್ಟು ಇನ್ನೊಂದನ್ನು ಎತ್ತಿಕೊಂಡರು. ಸೂರ್ಯಪ್ರಕಾಶರ ಪೆನ್ನು ಚುರುಕಾಯಿತು.

"ಮೇಡಂ, ಇದು ಹೊಸ ಸಂಶೋಧನೇನಾ?"

"ಅಲ್ಲ ಕಣ್ರೀ, ಅಳ್ತಾ ಇದೀನಿ. ನಮ್ಮವ್ವನ ಹೆಸ್ರು ಪುಟ್ಟಗಂಗಮ್ಮ. ಬರ್ಕೊಳ್ಳಿ."